ಐವತ್ತು ಭಾನುವಾರ, ಒಂದು ತೊಗರಿ ಚೀಲ

ಹೋದ ಭಾನುವಾರ ನಮ್ಮ ಇಂಟರ್ನೆಟ್ ಕಾನೂನಿನ 50ನೇ ಪಾಠ ಮುಗಿಯಿತು. ಕಲಬುರಗಿಯ ಗಂಜ್, ಅಂದರೆ ಧಾನ್ಯ ಮಾರುಕಟ್ಟೆಯ ಹತ್ತಿರ, ಬೇಳೆ ಅಂಗಡಿಯ ಮೇಲಿನ ಆ ಉದ್ದ ಕೋಣೆಯಲ್ಲಿ. ಹಾರ, ಶಾಲು ಏನೂ ಇರಲಿಲ್ಲ. ಸುಸಲಾ, ಮಿರ್ಚಿ ಇತ್ತು. ಎಲ್ಲರೆದುರು ನಾಲ್ಕು ಮಾತು ಹೇಳಲು ಎದ್ದು ನಿಂತೆ, ಗಂಟಲು ಕಟ್ಟಿತು, ಸುಮ್ನೆ ಕೂತುಬಿಟ್ಟೆ. ಅವತ್ತು ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನರಿಗೆ ಇಂಟರ್ನೆಟ್ ಕಾನೂನು ಹೇಳಿಕೊಡುತ್ತೇನೆ ಅಂತ ಹೊರಟಾಗ ನನ್ನ ಕೈಯಲ್ಲಿದ್ದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪುಸ್ತಕ, ಜೊತೆಗೆ ಹೊಸ ವಕೀಲನ ಜಂಬ. ಮೂರನೇ ವಾರ ಕಲಂ 79 ಎತ್ತಿಕೊಂಡೆ. 'ಮಧ್ಯವರ್ತಿಯ ಹೊಣೆಗಾರಿಕೆ' ಅಂತ ಬೋರ್ಡಿನ ಮೇಲೆ ಬರೆದೆ. ಅರ್ಧ ಜನ ಕಿಟಕಿ ಕಡೆ ತಿರುಗಿದರು. ಆಗ ಹಿಂದಿನಿಂದ ನಮ್ಮ ಹಮಾಲ ಕಾಕಾ ಕೇಳಿದರು: "ಅಂದ್ರ ದಲಾಲಿ ಅಂಗಡಿ ಇದ್ದಂಗ ಏನ್ರೀ ವಕೀಲ್ರೆ? ರೈತ ತೊಗರಿ ಚೀಲದಾಗ ಕಲ್ಲು ಹಾಕಿದ್ರ ಸಾವಕಾರಂದು ತಪ್ಪಲ್ಲ. ಕಲ್ಲು ಅದ ಅಂತ ಗೊತ್ತಾದ ಮ್ಯಾಲೂ ತೂಕಕ್ಕ ಇಟ್ರ, ಅವಂದೂ ತಪ್ಪು ಆಗ್ತದ."

ನಾನು ಒಂದು ಗಂಟೆ ಹೇಳಿದ್ದು ಇಷ್ಟೇ ಅಲ್ವಾ! ಯಾರೋ ಹಾಕಿದ ವಿಡಿಯೋಗೆ ಯೂಟ್ಯೂಬ್ ತಾನಾಗಿ ಹೊಣೆಯಲ್ಲ. ಗೊತ್ತಾದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. 'ಗೊತ್ತಾಗುವುದು' ಅಂದರೆ ದಾರಿಹೋಕ ಹೇಳಿದ್ದಲ್ಲ, ಕೋರ್ಟಿನ ಅಥವಾ ಸರ್ಕಾರದ ಆದೇಶ ಅಂತ 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಿರಿಕಿರಿ ಮಾಡುವ ಪೋಸ್ಟ್ ಹಾಕಿದರೂ ಮೂರು ವರ್ಷದವರೆಗೆ ಜೈಲು ಅನ್ನುತ್ತಿದ್ದ 66ಎ ಕಲಂ ಬಿದ್ದುಹೋಗಿದ್ದೂ ಅದೇ ತೀರ್ಪಿನಲ್ಲಿ. ಅವತ್ತಿನಿಂದ ನಮ್ಮ ಕೋಣೆಯಲ್ಲಿ 79ಕ್ಕೆ 'ಕಲ್ಲಿನ ಕಲಂ' ಅಂತಲೇ ಹೆಸರು. ಕಾಕಾ, ಆ ಹೆಸರು ನಿಮ್ಮದು.

ಆಳಂದದಿಂದ ಬಸ್ಸು ಹಿಡಿದು ಬರುವ ಅಕ್ಕನಿಗೆ ನನ್ನ ಋಣ ಇನ್ನೂ ಜಾಸ್ತಿ. ಆನ್‌ಲೈನಿನಲ್ಲಿ ದುಡ್ಡು ಹೋದರೆ ಅರ್ಜಿ ಬರೆದುಕೊಂಡು ಠಾಣೆಗೆ ಹೋಗಿ ಅಂತ ನಾನು ಹೇಳುತ್ತಿದ್ದೆ. ಅವರು ಎದ್ದು ನಿಂತರು. "ಹಂಗ ಹೇಳಬ್ಯಾಡ್ರಿ ಸರ. ಮೊದಲ 1930ಕ್ಕ ಫೋನ್ ಹಚ್ಚಬೇಕು. ಅರ್ಜಿ ಬರೆಯೋದ್ರಾಗ ನನ್ನ ರೊಕ್ಕ ಮೂರು ಖಾತೆ ದಾಟಿ ಹೋಗಿತ್ತು." 1930 ಅಂದರೆ ಸೈಬರ್ ವಂಚನೆಯ ಸಹಾಯವಾಣಿ. ಹೌದು, ಕಳ್ಳರು ಹಣವನ್ನು ಒಂದು ಖಾತೆಯಲ್ಲಿ ನಿಲ್ಲಲು ಬಿಡುವುದಿಲ್ಲ. ಬೇಗ ಫೋನ್ ಮಾಡಿದರೆ ಮುಂದಿನ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಅಕ್ಕನನ್ನು ಖಾಕಿ ಹಾಕಿದ ಕಳ್ಳನೊಬ್ಬ ವಿಡಿಯೋ ಕಾಲಿನಲ್ಲಿ ಇಡೀ ದಿನ 'ಅರೆಸ್ಟ್' ಮಾಡಿ ಕೂರಿಸಿದ್ದ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಈ ಮಾತನ್ನು ನಾನು ಹೇಳಿದರೆ ಜನ ತಲೆಯಾಡಿಸುತ್ತಾರೆ, ಅಕ್ಕ ಹೇಳಿದರೆ ನಂಬುತ್ತಾರೆ. ಎಷ್ಟು ಹೋಯಿತು ಅಂತ ಅವರು ಇವತ್ತಿಗೂ ಹೇಳಿಲ್ಲ. ನಾವೂ ಕೇಳಿಲ್ಲ.

ಹಿಂದಿನ ಸಾಲಿನವರಿಗೆ ಎಲ್ಲವನ್ನೂ ದಖನಿ ಉರ್ದುವಿನಲ್ಲಿ ತಿರುಗಿಸಿ ಹೇಳಿದ ಆಟೋ ಅಣ್ಣ, ನಿಮಗೂ ಋಣಿ. ನೀವು ಮೂರು ವಾಟ್ಸಾಪ್ ಗ್ರೂಪಿನ ಅಡ್ಮಿನ್ ಅಂತ ನಿಮಗಿದ್ದ ಭಯ ಹೋಯಿತಾ? ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೆ ನೀವೇ ಫಾರ್ವರ್ಡ್ ಮಾಡಿದ್ದು ನಿಮ್ಮ ತಲೆಗೇ.

ಟೀಚರಮ್ಮ, ಖಾಸಗಿ ಫೋಟೋಗಳ ಪಾಠದ ದಿನ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಹುಡುಗಿಯರಿಗೆ ನೀವೇ ಹೇಳಿಕೊಟ್ಟಿರಿ. ಒಪ್ಪಿಗೆ ಇಲ್ಲದೆ ಯಾರದೋ ಖಾಸಗಿ ಅಂಗದ ಫೋಟೋ ತೆಗೆದರೂ ಹಂಚಿದರೂ ಶಿಕ್ಷೆ ಅನ್ನುವ ಕಲಂ 66ಇ, ಆಮೇಲೆ ಅಂಥ ಫೋಟೋ ತೆಗೆಸಲು ಕೋರ್ಟಿನ ಆದೇಶಕ್ಕೆ ಕಾಯದೆ ನೇರವಾಗಿ ಆ ಆ್ಯಪಿನ ಕಂಪನಿಗೇ ದೂರು ಕೊಡಬಹುದು ಅನ್ನುವ 2021ರ ನಿಯಮ. ಒಳಗಿಂದ ಪ್ರಶ್ನೆಗಳು ನಿಲ್ಲಲೇ ಇಲ್ಲ. ನಾನಿದ್ದ ದಿನ ಅಷ್ಟು ಪ್ರಶ್ನೆ ಬಂದೇ ಇಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ ಹೇಳಬೇಕೆಂದರೆ.

ಬಾಡಿಗೆ ಕೇಳದ ಸಾವಕಾರರೇ, ತೊಗರಿ ರಾಶಿಯ ತಿಂಗಳಲ್ಲಿ ನಾಲ್ಕೇ ಜನ ಬಂದಾಗಲೂ ನೀವು ಕೆಳಗಿನಿಂದ ಚಹಾ ಕಳಿಸಿದಿರಿ. ಅದನ್ನು ಮರೆತಿಲ್ಲ.

ಬರುವ ಭಾನುವಾರ ಹೊಸಬರು ಬರುತ್ತಾರೆ, ಕಲ್ಲಿನ ಕಲಂ ಮತ್ತೆ ಮೊದಲಿನಿಂದ. ಈ ಸಲ ಪಾಠ ಕಾಕಾನದು. ಚಾಕ್‌ಪೀಸ್ ಬೇಡವಂತೆ, ಚೀಲ ತರುತ್ತಾರಂತೆ.