ಮನೆಯೊಳಗೇ ಇರಿ ಅಂದರೆ ಸಾಕೇ?

ಮಾನ್ಯ ಸಂಪಾದಕರೇ,

ಡಿಸೆಂಬರ್, ಜನವರಿ ಬಂತೆಂದರೆ ಬೀದರ್, ಕಲಬುರಗಿ, ವಿಜಯಪುರದ ಕಡೆಗೆ ಶೀತಗಾಳಿಯ ಎಚ್ಚರಿಕೆ ಬರುತ್ತದೆ. ಬಯಲುಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಅನ್ನುತ್ತದೆ. ಜೊತೆಗೆ ಒಂದು ಸಲಹೆ, ಮನೆಯೊಳಗೇ ಇರಿ ಅಂತ. ಆದರೆ ನಮ್ಮ ಹಳ್ಳಿಗಳಲ್ಲಿ ಥಂಡಿ ಮನೆಯೊಳಗೂ ಇದೆ, ಅಲ್ವಾ?

ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಮೇಲೆ ಮಣ್ಣು. ಹಗಲಿನ ಬಿಸಿಲನ್ನು ಅದು ಹಿಡಿದಿಟ್ಟು ರಾತ್ರಿಯಿಡೀ ನಿಧಾನವಾಗಿ ಬಿಡುತ್ತಿತ್ತು. ಈಗ ಬಡವರ ಮನೆ ಅಂದರೆ ತಗಡು. ಮೋಡವಿಲ್ಲದ ರಾತ್ರಿ ತಗಡು ಬೇಗ ತಣ್ಣಗಾಗುತ್ತದೆ, ಬೆಳಗಿನ ಜಾವ ಒಳಗಿನಿಂದ ಹನಿ ತೊಟ್ಟಿಕ್ಕಿ ಹೊದ್ದ ಕೌದಿಯೂ ಹಸಿಯಾಗುತ್ತದೆ. ಆಗ ಜನ ಏನು ಮಾಡುತ್ತಾರೆ? ಹೊರಗೆ ತೊಗರಿ ಕಟ್ಟಿಗೆ, ಕುಳ್ಳು ಸುಟ್ಟು, ಉಳಿದ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ತುಂಬಿ ಒಳಗಿಟ್ಟು, ಗಾಳಿ ಬರದ ಹಾಗೆ ಬಾಗಿಲು ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ಮಲಗುತ್ತಾರೆ.

ನನಗೆ ಭಯ ಇರುವುದು ಇದರ ಬಗ್ಗೆಯೇ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ತಲೆನೋವು, ತಲೆಸುತ್ತು, ವಾಂತಿ ಶುರುವಾದರೂ ಥಂಡಿಗೆ ಹೀಗಾಗಿದೆ ಅಂದುಕೊಳ್ಳುತ್ತಾರೆ. ನಿದ್ದೆಯಲ್ಲಿದ್ದವರಿಗಂತೂ ಅದೂ ಗೊತ್ತಾಗುವುದಿಲ್ಲ, ಎಚ್ಚರವೇ ಆಗದೆ ಪ್ರಾಣ ಹೋಗಬಹುದು. ಬಸುರಿಯರು, ಹಸುಗೂಸುಗಳು, ಎದೆ ಕಾಯಿಲೆ ಇರುವ ಮುದುಕರಿಗೆ ಅಪಾಯ ಇನ್ನೂ ಜಾಸ್ತಿ.

ಹಾಗಂತ ಸುಮ್ನೆ ಕೆಂಡ ಇಡಬೇಡಿ ಅಂದರೆ ಯಾರು ಕೇಳುತ್ತಾರೆ? ಬದಲಿಗೆ ಏನು ಮಾಡಬೇಕು ಅಂತಲೂ ಹೇಳಬೇಕು. ಮಲಗುವ ಮುಂಚೆ ಕೆಂಡ ಹೊರಗಿಡಿ, ಸ್ವಲ್ಪ ಹೊತ್ತು ಬಾಗಿಲು ತೆಗೆದಿಡಿ. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಗೋಣಿಚೀಲ ಹೊಲಿದು ಕಟ್ಟಿ, ನಡುವಿನ ಗಾಳಿಯೇ ಥಂಡಿಯನ್ನು ತಡೆಯುತ್ತದೆ. ಒಲೆಯ ಹತ್ತಿರ ಮಾತ್ರ ಕಟ್ಟಬೇಡಿ, ಬೆಂಕಿ ಹತ್ತೀತು. ಹೊದಿಯಲು ಎರಡು ಕೌದಿ ಇದ್ದರೆ ಒಂದನ್ನು ಕೆಳಗೆ ಹಾಸಿ, ನೆಲವೇ ಮೈಯ ಬಿಸಿಯನ್ನು ಎಳೆಯುತ್ತದೆ. ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ, ತಲೆಗೆ ಕುಲಾಯಿ ಹಾಕಿ.

ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವ ಗ್ಯಾಂಗಿನವರು, ರಾತ್ರಿ ಕರೆಂಟ್ ಕೊಡುವುದರಿಂದ ಅಪರಾತ್ರಿಯಲ್ಲಿ ನೀರು ಹಾಯಿಸಲು ಹೋಗುವ ರೈತರು, ಇವರಿಗೆ ಮನೆಯೊಳಗೇ ಇರಿ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಶೀತಗಾಳಿಯ ಎಚ್ಚರಿಕೆ ಇರುವ ದಿನಗಳಲ್ಲಾದರೂ ಪಂಪ್‌ಸೆಟ್‌ಗೆ ಹಗಲು ಮೂರು ಫೇಸ್ ಕರೆಂಟ್ ಕೊಡಲಿ.

ಕೆಂಡದ ವಿಷಯವನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಹೇಳಿಸಬೇಕು, ಗ್ರಾಮ ಪಂಚಾಯಿತಿ ಸಂಜೆ ಹೊತ್ತು ಡಂಗುರ ಸಾರಿಸಬೇಕು. ನಿಮ್ಮ ಪತ್ರಿಕೆಯೂ ಹವಾಮಾನದ ಸುದ್ದಿಯ ಪಕ್ಕದಲ್ಲಿ ದಿನಾ ಎರಡು ಸಾಲು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

- ಒಬ್ಬ ರೈತ, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ