ಭಾಷೆಯ ನೆಲೆಯನ್ನು ದೇಶಗಳ ಎಣಿಕೆಯಿಂದ ಅಳೆಯಬಾರದು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರಿಗಾಗಿ ಕನ್ನಡ ಪತ್ರಿಕೆಗಳು ಪ್ರಕಟಿಸುವ ಸಾಮಾನ್ಯ ಜ್ಞಾನದ ಅಂಕಣಗಳಲ್ಲಿ ‘ಯಾವ ಭಾಷೆ ಎಲ್ಲಿ’ ಎಂಬ ಪಟ್ಟಿ ಆಗಾಗ ಬರುತ್ತದೆ. ಅದರಲ್ಲಿ ಪೋರ್ಚುಗೀಸಿನ ಎದುರು ನಾಲ್ಕು ಖಂಡಗಳ ದೇಶಗಳು ಸಾಲುಗಟ್ಟಿರುತ್ತವೆ, ಸಂತಾಲ ಬುಡಕಟ್ಟಿನವರ ಭಾಷೆಯಾದ ಸಂತಾಲಿಯ ಎದುರು ‘ಜಾರ್ಖಂಡ್’ ಎಂಬ ಒಂದೇ ಹೆಸರಿರುತ್ತದೆ. ಈ ಎರಡು ಸಾಲುಗಳು ಒಂದೇ ಪ್ರಶ್ನೆಗೆ ಉತ್ತರಗಳಲ್ಲ. ಮೊದಲನೆಯದು ಸರ್ಕಾರಗಳು ಯಾವ ಭಾಷೆಯಲ್ಲಿ ನಡೆಯುತ್ತವೆ ಎಂಬುದನ್ನೂ ಎರಡನೆಯದು ಜನ ಮನೆಯಲ್ಲಿ ಏನು ಮಾತನಾಡುತ್ತಾರೆ ಎಂಬುದನ್ನೂ ಹೇಳುತ್ತದೆ. ಎರಡನೆಯ ಉತ್ತರವಂತೂ ಅರ್ಧಕ್ಕೇ ನಿಂತಿದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಂತಾಲಿ ಆಡುವವರು 73 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಸುಮಾರು 32 ಲಕ್ಷ ಜನ ಮಾತ್ರ ಜಾರ್ಖಂಡದವರು. ಪಶ್ಚಿಮ ಬಂಗಾಳದ ಪುರುಲಿಯಾ, ಬಾಂಕುಡಾ, ಬೀರಭೂಮ್, ಮೇದಿನಿಪುರ ಮುಂತಾದ ಕಡೆಗಳಲ್ಲಿ ಸುಮಾರು 24 ಲಕ್ಷ ಜನರಿದ್ದಾರೆ. ಒಡಿಶಾದ ಮಯೂರ್‌ಭಂಜ್, ಬಿಹಾರದ ಪೂರ್ವದ ಜಿಲ್ಲೆಗಳು, ಅಸ್ಸಾಮಿನ ಕೊಕ್ರಾಝಾರ್ ಪ್ರದೇಶ, ಬಾಂಗ್ಲಾದೇಶದ ರಾಜಶಾಹಿ ಮತ್ತು ದಿನಾಜಪುರ, ನೇಪಾಳದ ಝಾಪಾ ಮತ್ತು ಮೊರಂಗ್ ಇವೆಲ್ಲವೂ ಸಂತಾಲಿಯ ನೆಲೆಗಳೇ. ಅಂದರೆ ಇದು ಮೂರು ದೇಶಗಳ ಭಾಷೆ.

ಪೋರ್ಚುಗೀಸ್ ಅಧಿಕೃತ ಭಾಷೆಯಾಗಿರುವ ಕೇಪ್ ವರ್ಡೆ, ಗಿನಿ ಬಿಸ್ಸಾವ್, ಸಾವೊ ತೊಮೆ ಮತ್ತು ಪೂರ್ವ ತಿಮೋರ್ ದೇಶಗಳನ್ನೇ ನೋಡಿ. ಈ ನಾಲ್ಕರ ಒಟ್ಟು ಜನಸಂಖ್ಯೆ ಐವತ್ತು ಲಕ್ಷ ಮುಟ್ಟುವುದಿಲ್ಲ. ಆ ಜನರಲ್ಲಿ ಹೆಚ್ಚಿನವರ ಮನೆಮಾತು ಪೋರ್ಚುಗೀಸೂ ಅಲ್ಲ: ಗಿನಿ ಬಿಸ್ಸಾವ್ ಮತ್ತು ಕೇಪ್ ವರ್ಡೆಗಳ ಬೀದಿಗಳಲ್ಲಿ ಕೇಳುವುದು ಪೋರ್ಚುಗೀಸ್ ಮತ್ತು ಸ್ಥಳೀಯ ನುಡಿಗಳು ಬೆರೆತು ಹುಟ್ಟಿದ ಕ್ರಿಯೋಲ್, ತಿಮೋರಿನಲ್ಲಿ ಸ್ಥಳೀಯ ಭಾಷೆಯಾದ ತೆತುಮ್. ಮೊಜಾಂಬಿಕ್‌ನಲ್ಲೂ ಪೋರ್ಚುಗೀಸನ್ನು ತಾಯ್ನುಡಿಯೆಂದು ಹೇಳುವವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಅಲ್ಲಿ ಮಾಕುವಾ ಭಾಷೆಯನ್ನು ಆಡಿ ಬೆಳೆದವರ ಸಂಖ್ಯೆ ಅದಕ್ಕಿಂತ ದೊಡ್ಡದು. ಆದರೆ ಅಂಗೋಲಾದ ಸ್ಥಿತಿ ಬೇರೆ ಎಂಬುದನ್ನೂ ಹೇಳಬೇಕು. 2014ರ ಜನಗಣತಿಯಲ್ಲಿ ಅಲ್ಲಿನ ಸುಮಾರು 71 ಪ್ರತಿಶತ ಜನ ಮನೆಯಲ್ಲಿ ಪೋರ್ಚುಗೀಸ್ ಬಳಸುವುದಾಗಿ ತಿಳಿಸಿದ್ದರು. ಇನ್ನು 20 ಕೋಟಿ ಜನರ ಬ್ರೆಜಿಲ್ ಪೋರ್ಚುಗೀಸಿನ ನಿಜವಾದ ದೊಡ್ಡ ಮನೆ. ಪೋರ್ಚುಗಲ್ಲಿನ ಜನಸಂಖ್ಯೆ ಕೇವಲ ಒಂದು ಕೋಟಿಯಷ್ಟು.

ಈ ಎರಡು ಭಾಷೆಗಳು ಹರಡಿದ ದಾರಿಗಳೂ ಬೇರೆ. ಪೋರ್ಚುಗೀಸನ್ನು ದೂರದ ದಡಗಳಿಗೆ ಒಯ್ದದ್ದು ಹಡಗು, ವ್ಯಾಪಾರ, ಚರ್ಚು ಮತ್ತು ಸೈನ್ಯ. ಬ್ರೆಜಿಲ್‌ನಲ್ಲಿ ಬಹುಕಾಲ ತುಪಿ ಎಂಬ ಆದಿವಾಸಿ ನುಡಿಯಿಂದ ಬಂದ ಸಾಮಾನ್ಯ ಭಾಷೆಯೊಂದು ಚಾಲ್ತಿಯಲ್ಲಿತ್ತು. ಹದಿನೆಂಟನೆಯ ಶತಮಾನದ ನಡುವೆ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್‌ನ ಆಡಳಿತ ಅದನ್ನು ನಿಷೇಧಿಸಿ ಪೋರ್ಚುಗೀಸನ್ನು ಕಡ್ಡಾಯ ಮಾಡಿತು. ಸಂತಾಲಿಯಾದರೋ ದುಡಿಯುವವರ ಕಾಲ್ನಡಿಗೆಯಲ್ಲಿ ಹರಡಿದ ಭಾಷೆ. ಕಾಡು ಕಡಿದು ಹೊಲ ಮಾಡಲು ರಾಜಮಹಲ್ ಬೆಟ್ಟಗಳ ತಪ್ಪಲಿಗೆ ಬಂದ ಸಂತಾಲರು, ಸಾಲ ಕೊಡುವ ಲೇವಾದೇವಿಗಾರರ ಮತ್ತು ಜಮೀನ್ದಾರರ ಹಿಂಸೆಯನ್ನು ತಾಳಲಾರದೆ 1855ರಲ್ಲಿ ಸಿದ್ಧೋ ಮತ್ತು ಕಾನ್ಹು ಸೋದರರ ಮುಂದಾಳತ್ವದಲ್ಲಿ ದಂಗೆಯೆದ್ದರು. ಮುಂದೆ ಅನೇಕರು ಅಸ್ಸಾಮಿನ ಚಹಾ ತೋಟಗಳಿಗೆ ಕೂಲಿಗಳಾಗಿ ಹೋದರು. ಅವರ ಭಾಷೆಯ ಹಿಂದೆ ಯಾವ ಸರ್ಕಾರವೂ ಇರಲಿಲ್ಲ.

ಬಹುತೇಕ ಅಕ್ಕಪಕ್ಕದಲ್ಲೇ ಇರುವ, ಸಂತಾಲಿ ಆಡುವ ಜಿಲ್ಲೆಗಳು ಬೇರೆ ಬೇರೆ ರಾಜ್ಯಗಳಿಗೆ ಸೇರಿರುವುದರಿಂದ ಸಂತಾಲಿ ಯಾವ ರಾಜ್ಯದಲ್ಲಿಯೂ ಬಹುಸಂಖ್ಯಾತರ ಭಾಷೆಯಾಗಲಿಲ್ಲ. ಜಾರ್ಖಂಡದಲ್ಲಿಯೂ ಅದನ್ನಾಡುವವರು ಹತ್ತರಲ್ಲಿ ಒಬ್ಬರಷ್ಟೇ. ಲಿಪಿಯ ಕಥೆಯೂ ಇದೇ. ಮಯೂರ್‌ಭಂಜದ ಪಂಡಿತ ರಘುನಾಥ ಮುರ್ಮು ಅವರು 1925ರಲ್ಲಿ ಓಲ್ ಚಿಕಿ ಲಿಪಿಯನ್ನು ರೂಪಿಸಿಕೊಟ್ಟರೂ, ಇಂದಿಗೂ ಪ್ರದೇಶಕ್ಕೆ ತಕ್ಕಂತೆ ಬಂಗಾಳಿ, ಒಡಿಯಾ, ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ ಸಂತಾಲಿ ಬರೆಯುವವರಿದ್ದಾರೆ. ಸಾಗರಗಳಾಚೆ ಚದುರಿರುವ ಪೋರ್ಚುಗೀಸ್ ದೇಶಗಳು 1990ರಲ್ಲಿ ಕಾಗುಣಿತದ ಒಪ್ಪಂದವನ್ನೇ ಮಾಡಿಕೊಂಡವು; ನೆರೆಹೊರೆಯ ಜಿಲ್ಲೆಗಳ ಸಂತಾಲಿ ಮಕ್ಕಳು ಒಂದೇ ಪಠ್ಯಪುಸ್ತಕವನ್ನು ಓದುವ ಸ್ಥಿತಿಯಲ್ಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಕರಾವಳಿಯ ನಮಗೆ ಇದು ಅಪರಿಚಿತ ಕಷ್ಟವಲ್ಲ. ಗೋವೆಯ ಪೋರ್ಚುಗೀಸ್ ವೈಸರಾಯ್ 1684ರಲ್ಲಿ ಜನರು ಕೊಂಕಣಿಯನ್ನು ಬಿಡಬೇಕೆಂದು ಆಜ್ಞೆ ಹೊರಡಿಸಿದ್ದನು. ಆ ಆಡಳಿತದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದವರ ಮಾತು ಇಂದು ನಮ್ಮ ಜಿಲ್ಲೆಗಳಲ್ಲಿ ಕನ್ನಡ ಲಿಪಿಯಲ್ಲಿ, ಗೋವೆಯಲ್ಲಿ ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ ಬರೆಯಲ್ಪಡುತ್ತಿದೆ. ಕೊಂಕಣಿ 1992ರಲ್ಲಿ, ಸಂತಾಲಿ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿದವು. ನಾಲ್ಕೂವರೆ ಶತಮಾನ ಆಳಿದ ಪೋರ್ಚುಗೀಸರ ಭಾಷೆ ಮಾತ್ರ ಗೋವೆಯಲ್ಲಿ ಈಗ ಕೆಲವೇ ಮನೆಗಳಲ್ಲಿ ಉಳಿದಿದೆ.

ಆದ್ದರಿಂದ ನನ್ನದೊಂದು ವಿನಂತಿ. ಇಂಥ ಪಟ್ಟಿಗಳನ್ನು ಪ್ರಕಟಿಸುವಾಗ ಅಧಿಕೃತ ಭಾಷೆ, ತಾಯ್ನುಡಿ ಎಂದು ಎರಡು ಅಂಕಣಗಳನ್ನು ಬೇರೆಯಾಗಿಯೇ ಕೊಡಿ, ಮತ್ತು ಸಂತಾಲಿಯ ಎದುರು ಜಾರ್ಖಂಡದ ಜೊತೆಗೆ ಪಶ್ಚಿಮ ಬಂಗಾಳ, ಒಡಿಶಾ, ಬಿಹಾರ, ಅಸ್ಸಾಂ, ಬಾಂಗ್ಲಾದೇಶ ಮತ್ತು ನೇಪಾಳಗಳನ್ನೂ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಶಿಕ್ಷಕ, ಕುಮಟಾ