ಬುಗ್ಯಾಲಿನಲ್ಲಿ ಟೆಂಟ್ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಬಂದ ಒಂಟಿ ಚಾರಣದ ಲೇಖನ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಉತ್ತರಾಖಂಡದ ಬೇದ್ನಿ ಬುಗ್ಯಾಲಿನ (ಬುಗ್ಯಾಲ್ ಅಂದರೆ ಹಿಮಾಲಯದ ಎತ್ತರದ ಹುಲ್ಲುಗಾವಲು) ಹುಲ್ಲಿನ ನಡುವೆ ಒಂದೇ ಒಂದು ಟೆಂಟ್ ನಿಂತಿರುವ ಆ ದೊಡ್ಡ ಫೋಟೊ ನೋಡಿ ಎಷ್ಟು ಹುಡುಗರು ಆಗಲೇ ಬ್ಯಾಗ್ ಕಟ್ಟಿದರೋ ಏನೋ. ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲೇ ನಿಷೇಧಿಸಿತು, 200ಕ್ಕಿಂತ ಜಾಸ್ತಿ ಪ್ರವಾಸಿಗರನ್ನು ಬಿಡಬಾರದು ಎಂದೂ ಹೇಳಿತು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

'ನಾನೊಬ್ಬನೇ ಹೋಗೋದು, ಪುಟ್ಟ ಟೆಂಟು, ಅದರಿಂದೇನು ಮಹಾ' ಅನ್ನುವವರಿದ್ದಾರೆ. ಅರ್ಧ ನಿಜ. ಸೀಸನ್ ಪೂರ್ತಿ ಒಂದೇ ಜಾಗದಲ್ಲಿ ಸಾಲು ಟೆಂಟು, ಅಡುಗೆ ಡೇರೆ, ಶೌಚದ ಗುಂಡಿ, ಹೇಸರಗತ್ತೆ ಅಂತ ಠಿಕಾಣಿ ಹೂಡುತ್ತಿದ್ದ ದೊಡ್ಡ ಗುಂಪುಗಳ ಪಾಲೇ ಹುಲ್ಲುಗಾವಲು ಹಾಳಾಗಿದ್ದರಲ್ಲಿ ದೊಡ್ಡದು. ಆದರೆ ಒಂಟಿ ಚಾರಣಿಗ ಟೆಂಟ್ ಹಾಕೋದಾದರೂ ಎಲ್ಲಿ? ನೀರು ಹತ್ತಿರ ಇರುವ ಸಮತಟ್ಟು ಜಾಗದಲ್ಲಿ, ಅಂದರೆ ನಿನ್ನೆ ಇನ್ನೊಬ್ಬ ಹಾಕಿ ಎದ್ದುಹೋದ ಜಾಗದಲ್ಲೇ ಅಲ್ವಾ? ಬೇದ್ನಿ ಸುಮಾರು 3,350 ಮೀಟರ್ ಎತ್ತರದಲ್ಲಿದೆ. ಹಿಮ ಕರಗಿದ ಮೇಲೆ ಹುಲ್ಲಿಗೆ ಬೆಳೆಯಲು ಸಿಗುವುದೇ ಕೆಲವು ತಿಂಗಳು. ಮಳೆ ನೀರು ಒಳಗೆ ಬರದಿರಲಿ ಅಂತ ಟೆಂಟಿನ ಸುತ್ತ ಗೇಣು ಅಗಲದ ಕಾಲುವೆ ತೋಡುತ್ತಾರಲ್ಲ, ಬೇರು ತುಂಡಾಗುವುದು ಅಲ್ಲಿ. ನೀರು ಅದೇ ದಾರಿ ಹಿಡಿದು ಮಣ್ಣು ಕೊರೆಯುತ್ತದೆ, ಅಂಚಿನ ಹುಲ್ಲು ಹಳೇ ಕಂಬಳಿ ಥರ ಮಡಚಿಕೊಂಡು ಜಾರುತ್ತದೆ. ದಯಾರಾ ಬುಗ್ಯಾಲಿನಲ್ಲಿ ಮಣ್ಣು ಕೊಚ್ಚಿಹೋಗುತ್ತಿದ್ದ ಇಳಿಜಾರಿಗೆ ಅರಣ್ಯ ಇಲಾಖೆ ತೆಂಗಿನ ನಾರಿನ ಚಾಪೆ ಹೊದಿಸಬೇಕಾಯಿತು.

ಹಾಗಂತ ಹೋಗಲೇಬೇಡಿ ಅನ್ನುತ್ತಿಲ್ಲ. ಬೇದ್ನಿಯ ಕೆಳಗೆ ಕಾಡಿನೊಳಗೆ ಗೈರೋಲಿ ಪಾತಾಳ ಅಂತ ಜಾಗ ಇದೆ. ಅಲ್ಲಿ ಮಲಗಿ, ಬೆಳಗ್ಗೆ ಬೇಗ ಹತ್ತಿ, ಮಧ್ಯಾಹ್ನದ ಮೋಡ ಕವಿಯುವ ಮುಂಚೆ ಇಳಿದುಬಿಡಬಹುದು. ಜೊತೆಗೆ ಬೇದ್ನಿಗೆ ಹೋಗುವ ದಾರಿಯ ವಾಣ್ ಹಳ್ಳಿಯ ಯಾರನ್ನಾದರೂ ಕರೆದುಕೊಂಡರೆ ಒಂಟಿ ಚಾರಣದ ಮರ್ಯಾದೆಗೇನೂ ಕುಂದು ಬರಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ್ದೇ ಎತ್ತರದ ಸರೋವರ ಸಹಸ್ರ ತಾಲ್‌ಗೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ಸತ್ತರು. ಅವರ ಜೊತೆ ಗೈಡ್‌ಗಳಿದ್ದರು. ಒಬ್ಬರೇ ಇದ್ದಾಗ ಸುದ್ದಿ ಮುಟ್ಟಿಸಲೂ ಯಾರೂ ಇರಲ್ಲ.

ಮುಂದಿನ ಸಲ ಇಂಥ ಫೋಟೊ ಹಾಕಿದರೆ ಕೆಳಗೆ ಎರಡು ಸಾಲು ಸೇರಿಸಿ: ಇಲ್ಲಿ ತಂಗಲು ಈಗ ಅನುಮತಿ ಇದೆಯೋ ಇಲ್ಲವೋ, ಯಾವ ಅರಣ್ಯ ಕಚೇರಿಯಲ್ಲಿ ಕೇಳಬೇಕು ಅಂತ.

– ಒಬ್ಬ ಚಾರಣಿಗ, ಬೆಂಗಳೂರು